ಕೆಮ್ಮಿಗಿಂತ ಅರೆಕ್ಷಣ ಮೊದಲು

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದ ಹೆಂಗಸು ಹಾಸನದವರೆಗೂ ಮೂತ್ರ ಕಟ್ಟಿಕೊಂಡು ಕೂತಿರುತ್ತಾಳೆ. ದಾರಿಯಲ್ಲಿ ಬಸ್ಸು ನಿಂತ ಕಡೆ ಶೌಚಾಲಯದೊಳಗೆ ಕಾಲಿಡುವಂತಿರುವುದಿಲ್ಲ. ಮೂತ್ರಕೋಶದಲ್ಲಿ ಅರ್ಧ ಲೀಟರಿನಷ್ಟು ತುಂಬಿ ಕಿಬ್ಬೊಟ್ಟೆ ನೋಯುತ್ತಿದ್ದರೂ ಒಂದು ಹನಿ ಹೊರಗೆ ಬರುವುದಿಲ್ಲ. ಊರು ತಲುಪಿ, ಮನೆ ಸೇರಿ, ಹಗುರಾಗಿ ಬಂದು ಅಡುಗೆಮನೆ ಹೊಕ್ಕಾಗ ಒಣಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ಒಂದು ಸೀನು ಬರುತ್ತದೆ. ಒಳಬಟ್ಟೆ ಒದ್ದೆ.

ತುಂಬಿ ತುಳುಕುತ್ತಿದ್ದಾಗ ತಾಸುಗಟ್ಟಲೆ ಸೋರದ್ದು ಖಾಲಿಯಾದ ಮೇಲೆ ಒಂದೇ ಸೀನಿಗೆ ಯಾಕೆ ಸೋರಿತು?

ಈ ಪ್ರಶ್ನೆ ಕೇಳಿಕೊಂಡ ಹೆಂಗಸರು ಕಡಿಮೆಯೇನಿಲ್ಲ. ಬಾಯಿಬಿಟ್ಟು ಕೇಳಿದವರು ಮಾತ್ರ ಕಡಿಮೆ. ಕೇಳಿದರೂ ಮನೆಯಲ್ಲಿ ಸಿಗುವ ಉತ್ತರ ಒಂದೇ: "ಎರಡು ಹೆತ್ತ ಮೇಲೆ ಇದೆಲ್ಲ ಇದ್ದದ್ದೇ." ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ನಗುವಾಗ ಕಾಲು ಸೇರಿಸಿಕೊಳ್ಳುವುದು, ಮದುವೆಮನೆಗೆ ಹೋಗುವ ದಿನ ನೀರು ಕುಡಿಯದಿರುವುದು, ಗಾಢ ಬಣ್ಣದ ಸೀರೆಯನ್ನೇ ಆರಿಸಿಕೊಳ್ಳುವುದು ಶುರುವಾಗುತ್ತದೆ. ಹೀಗೆ ಇಪ್ಪತ್ತು ವರ್ಷ ಕಳೆದವರಿದ್ದಾರೆ. ಇವರಲ್ಲಿ ಅನೇಕರ ತೊಂದರೆ ಮೂರು ತಿಂಗಳ ಸರಿಯಾದ ವ್ಯಾಯಾಮಕ್ಕೆ ಬಗ್ಗುವಂಥದ್ದು. ಅದನ್ನು ಕಲಿಸುವುದಕ್ಕೇ ಪೆಲ್ವಿಕ್ ಹೆಲ್ತ್ ಫಿಸಿಯೊಥೆರಪಿಸ್ಟ್ ಎಂಬ ಪರಿಣತರಿದ್ದಾರೆ. ಮಂಡಿನೋವಿಗೆ, ಸೊಂಟನೋವಿಗೆ ಫಿಸಿಯೊಥೆರಪಿ ಇದೆಯೆಂದು ಈಗ ಎಲ್ಲರಿಗೂ ಗೊತ್ತು. ಮೂತ್ರ ಸೋರುವುದಕ್ಕೂ ಇದೆ ಎಂಬುದು ಗೊತ್ತಿಲ್ಲ. ಅವರು ಕಲಿಸುವುದೇನು ಎಂದು ತಿಳಿಯಬೇಕಾದರೆ ಮೊದಲು ಆ ಸೀನಿನ ಲೆಕ್ಕ ಬಿಡಿಸಬೇಕು.

ಬಾಲ ಹೋಯಿತು, ಸ್ನಾಯು ಉಳಿಯಿತು

ಕೂತಾಗ ಕುರ್ಚಿಗೆ ತಾಗುವ ಎರಡು ಮೂಳೆಗಳು ನಿಮಗೆ ಗೊತ್ತು. ಅವುಗಳ ನಡುವಿನ ಜಾಗದಲ್ಲಿ, ಮುಂದೆ ಕಿಬ್ಬೊಟ್ಟೆಯ ಕೆಳಗಿನ ಗಟ್ಟಿ ಮೂಳೆಯಿಂದ ಹಿಂದೆ ಬಾಲಮೂಳೆಯವರೆಗೆ, ಸ್ನಾಯುಗಳ ಒಂದು ಪದರ ಹಬ್ಬಿದೆ. ವೈದ್ಯರು ಅದನ್ನು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ಇಲ್ಲಿ ಅದನ್ನು ತಳಸ್ನಾಯು ಎಂದು ಕರೆಯೋಣ. ಮೂತ್ರಕೋಶ, ಗರ್ಭಕೋಶ, ಕರುಳಿನ ಕೊನೆಯ ಭಾಗ ಎಲ್ಲವೂ ಇದರ ಮೇಲೆ ಕೂತಿವೆ. ಹೆಂಗಸರಲ್ಲಿ ಇದರ ಮೂಲಕ ಮೂರು ದಾರಿಗಳು ಹೊರಗೆ ಬರುತ್ತವೆ, ಗಂಡಸರಲ್ಲಿ ಎರಡು.

ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಈ ಸ್ನಾಯುಗಳ ಮುಖ್ಯ ಕೆಲಸ ಬಾಲ ಆಡಿಸುವುದು. ಹೆದರಿದ ನಾಯಿ ಬಾಲವನ್ನು ಕಾಲಸಂದಿಗೆ ಸೇರಿಸುತ್ತದಲ್ಲ, ಆ ಎಳೆತ ಇವುಗಳದ್ದೇ. ಅವುಗಳ ಹೊಟ್ಟೆಯೊಳಗಿನ ಅಂಗಗಳ ಭಾರ ಹೊಟ್ಟೆಯ ಗೋಡೆಯ ಮೇಲೆ ಬೀಳುತ್ತದೆ, ಬಾಲದ ಕಡೆಗೆ ಅಷ್ಟಾಗಿ ಬೀಳುವುದಿಲ್ಲ. ಮನುಷ್ಯ ಎದ್ದು ನಿಂತ. ಭಾರವೆಲ್ಲ ಕೆಳಕ್ಕಿಳಿಯಿತು. ಬಾಲ ಅದಕ್ಕೂ ಮೊದಲೇ ಹೋಗಿತ್ತು, ಅದನ್ನು ಆಡಿಸುತ್ತಿದ್ದ ಸ್ನಾಯು ಉಳಿದು, ಹೊಟ್ಟೆಯ ಭಾರ ಹೊರುವ ನೆಲವಾಯಿತು.

ಕೈಕಾಲಿನ ಸ್ನಾಯುಗಳು ಕೆಲಸವಿಲ್ಲದಾಗ ಸಡಿಲವಾಗಿರುತ್ತವೆ. ತಳಸ್ನಾಯು ಹಾಗಿರುವುದಿಲ್ಲ. ನಾವು ನಿದ್ದೆ ಮಾಡುವಾಗಲೂ ಅದು ಸಣ್ಣಗೆ ಬಿಗಿಹಿಡಿದೇ ಇರುತ್ತದೆ, ಮಲಮೂತ್ರ ವಿಸರ್ಜನೆಯ ಹೊತ್ತಿನಲ್ಲಿ ಮಾತ್ರ ಸಡಿಲಾಗುತ್ತದೆ. ಇದರ ಎಳೆಗಳಲ್ಲಿ ಬಹುಪಾಲು ದಣಿಯದೆ ದಿನವಿಡೀ ದುಡಿಯುವ ನಿಧಾನದ ಎಳೆಗಳು. ಉಳಿದವು ಥಟ್ಟನೆ ಬಿಗಿಯುವ, ಬೇಗ ದಣಿಯುವ ಚುರುಕಿನ ಎಳೆಗಳು. ಹಾಸನದ ಬಸ್ಸಿನಲ್ಲಿ ಕಾಪಾಡಿದ್ದು ನಿಧಾನದ ಎಳೆಗಳು. ಅಡುಗೆಮನೆಯಲ್ಲಿ ಬೇಕಾಗಿದ್ದದ್ದು ಚುರುಕಿನವು.

ಕಲ್ಲಿನ ಮೇಲಿನ ಪೈಪು, ಕೆಸರಿನ ಮೇಲಿನ ಪೈಪು

ಮೂತ್ರಕೋಶ ತುಂಬುವಾಗ ಹಿಗ್ಗುತ್ತಾ ಹೋಗುತ್ತದೆ. ಹಾಗಾಗಿ ಅರ್ಧ ಲೀಟರ್ ತುಂಬಿದ್ದರೂ ಅದರೊಳಗಿನ ಒತ್ತಡ ತೀರಾ ಕಡಿಮೆ. ಮೂತ್ರನಾಳವನ್ನು ಮುಚ್ಚಿಟ್ಟಿರುವ ಬಿಗಿ ಅದಕ್ಕಿಂತ ಜಾಸ್ತಿ ಇರುವವರೆಗೂ ಸೋರುವ ಮಾತಿಲ್ಲ. ಎಷ್ಟು ತುಂಬಿದೆ ಎನ್ನುವುದಕ್ಕಿಂತ ಎಷ್ಟು ಒತ್ತಡ ಬಿತ್ತು ಎನ್ನುವುದೇ ಸೋರಿಕೆಯನ್ನು ನಿರ್ಧರಿಸುತ್ತದೆ.

ಸೀನಿನಲ್ಲೂ ಕೆಮ್ಮಿನಲ್ಲೂ ಲೆಕ್ಕ ತಲೆಕೆಳಗಾಗುತ್ತದೆ. ಹೊಟ್ಟೆಯ ಸ್ನಾಯುಗಳು ಒಮ್ಮೆಲೇ ಒಳಕ್ಕೆ ಅದುಮುತ್ತವೆ. ಜೋರಾಗಿ ಕೆಮ್ಮಿದಾಗ ಹೊಟ್ಟೆಯೊಳಗಿನ ಒತ್ತಡ 100 ಸೆಂಟಿಮೀಟರ್ ಎತ್ತರದ ನೀರಿನ ಒತ್ತಡವನ್ನು ದಾಟುತ್ತದೆ, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಮೂತ್ರಕೋಶದಲ್ಲಿ ನಾಲ್ಕು ಚಮಚ ಮೂತ್ರವಿದ್ದರೂ ಸಾಕು, ಈ ಒತ್ತಡ ಅದನ್ನು ಹೊರಕ್ಕೆ ತಳ್ಳಬಲ್ಲದು. ಹೆಂಗಸರ ಮೂತ್ರನಾಳ ಕೇವಲ 3-4 ಸೆಂಟಿಮೀಟರ್ ಉದ್ದ. ಗಂಡಸರಲ್ಲಿ ಅದು 20 ಸೆಂಟಿಮೀಟರಿಗೆ ಹತ್ತಿರ. ತಡೆಯಲು ಸಿಗುವ ಜಾಗವೇ ಕಡಿಮೆ.

ಹಾಗಿದ್ದರೆ ಎಲ್ಲ ಹೆಂಗಸರೂ ಪ್ರತಿ ಸೀನಿಗೂ ಸೋರಬೇಕಿತ್ತಲ್ಲ? ಇದಕ್ಕೆ ಒಪ್ಪುವಂಥ ಉತ್ತರ ಕೊಟ್ಟವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸ್ತ್ರೀರೋಗ ತಜ್ಞ ಜಾನ್ ಡಿಲಾನ್ಸಿ. 1994ರಲ್ಲಿ ಅವರು ಮಂಡಿಸಿದ ವಿವರಣೆಯನ್ನು ತೋಟದ ಪೈಪಿನ ಹೋಲಿಕೆಯಿಂದ ತಿಳಿಯಬಹುದು. ನೀರು ಹರಿಯುತ್ತಿರುವ ರಬ್ಬರ್ ಪೈಪು ಅಂಗಳದ ಕಲ್ಲುಚಪ್ಪಡಿಯ ಮೇಲೆ ಬಿದ್ದಿದೆ ಎಂದುಕೊಳ್ಳಿ. ಅದರ ಮೇಲೆ ಕಾಲಿಟ್ಟು ಒತ್ತಿದರೆ ಪೈಪು ಚಪ್ಪಟೆಯಾಗಿ ನೀರು ನಿಲ್ಲುತ್ತದೆ. ಅದೇ ಪೈಪು ಅಡಕೆ ತೋಟದ ಕೆಸರಿನ ಮೇಲಿದ್ದರೆ? ಎಷ್ಟೇ ಒತ್ತಿ, ಪೈಪು ಕೆಸರಿನೊಳಗೆ ಹೂತುಹೋಗುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ಕಾಲಿನ ಬಲ ಎರಡು ಕಡೆಯೂ ಒಂದೇ. ಅಡಿಯಲ್ಲಿರುವುದು ಕಲ್ಲೋ ಕೆಸರೋ ಎನ್ನುವುದಷ್ಟೇ ಬೇರೆ.

ಇಲ್ಲಿ ಪೈಪು ಎಂದರೆ ಮೂತ್ರನಾಳ, ಕಾಲು ಎಂದರೆ ಕೆಮ್ಮಿನ ಒತ್ತಡ, ಅಡಿಯಲ್ಲಿರುವುದು ಯೋನಿಯ ಮುಂಗೋಡೆ ಮತ್ತು ಅದನ್ನು ಎರಡೂ ಪಕ್ಕಗಳಿಂದ ಎಳೆದು ಹಿಡಿದಿರುವ ತಳಸ್ನಾಯು. ತಳಸ್ನಾಯು ಬಿಗಿದು ಗಟ್ಟಿಯಾಗಿ ನಿಂತರೆ, ಯಾವ ಕೆಮ್ಮು ಮೂತ್ರವನ್ನು ಹೊರಕ್ಕೆ ತಳ್ಳಲು ನೋಡುತ್ತದೋ ಅದೇ ಕೆಮ್ಮು ಮೂತ್ರನಾಳವನ್ನು ಒತ್ತಿ ಮುಚ್ಚುತ್ತದೆ. ಸೋರದಿರುವವರ ದೇಹ ಕೆಮ್ಮಿನ ಒತ್ತಡವನ್ನೇ ತಡೆಯಾಗಿ ಬಳಸಿಕೊಳ್ಳುತ್ತದೆ. ನನ್ನ ಮಟ್ಟಿಗೆ, ಮನುಷ್ಯ ದೇಹದ ಅತಿ ಜಾಣ ಏರ್ಪಾಡುಗಳಲ್ಲಿ ಇದೂ ಒಂದು.

ಆದರೆ ಒಂದು ಷರತ್ತಿದೆ. ನೆಲ ಗಟ್ಟಿಯಾಗುವುದು ಕಾಲು ಬೀಳುವ ಮೊದಲೇ ಆಗಬೇಕು. ಆರೋಗ್ಯವಂತರ ತಳಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಅಳೆದು ನೋಡಿದಾಗ, ಕೆಮ್ಮಿನ ಒತ್ತಡ ಏರುವುದಕ್ಕಿಂತ ಸೆಕೆಂಡಿನ ಸಣ್ಣ ಪಾಲಿನಷ್ಟು ಮುಂಚೆಯೇ ಅದು ಬಿಗಿದಿರುತ್ತದೆ. ಸುಮ್ಮನೆ ಕೈ ಎತ್ತಿದರೂ ಅಷ್ಟೇ, ಭುಜದ ಸ್ನಾಯು ಏಳುವ ಮುನ್ನವೇ ತಳಸ್ನಾಯು ಎಚ್ಚರವಾಗಿರುತ್ತದೆ. ಕೆಮ್ಮು ಎಂಬ ಆದೇಶವನ್ನು ಎದೆಗೆ ಕಳಿಸುವಾಗಲೇ ಮೆದುಳು ತಳಕ್ಕೂ ಸುದ್ದಿ ಮುಟ್ಟಿಸಿರುತ್ತದೆ. ಸೋರುವವರಲ್ಲಿ ಎಷ್ಟೋ ಸಲ ಈ ಸುದ್ದಿ ತಡವಾಗಿ ತಲುಪುತ್ತದೆ, ಇಲ್ಲವೇ ತಲುಪಿದರೂ ಸ್ನಾಯುವಿಗೆ ಏಳುವ ಶಕ್ತಿ ಇರುವುದಿಲ್ಲ. ಇಂಥ ಸೋರಿಕೆಗೆ ಒತ್ತಡದ ಸೋರಿಕೆ ಎಂದು ಹೆಸರು.

ಹೆರಿಗೆಯ ಹೊತ್ತಿನಲ್ಲಿ ಆಗುವುದು

ಸಹಜ ಹೆರಿಗೆಯಲ್ಲಿ ಮಗುವಿನ ತಲೆ ಹೊರಬರುವಾಗ ತಳಸ್ನಾಯುವಿನ ಒಳಭಾಗದ ಎಳೆಗಳು ಎಷ್ಟು ಹಿಗ್ಗುತ್ತವೆ? ಡಿಲಾನ್ಸಿಯವರ ತಂಡ 2004ರಲ್ಲಿ ಕಂಪ್ಯೂಟರಿನಲ್ಲಿ ಹೆರಿಗೆಯ ಮಾದರಿ ಕಟ್ಟಿ ಲೆಕ್ಕ ಹಾಕಿತು. ಮೂಲ ಉದ್ದದ 3.26 ಪಟ್ಟು. ನಮ್ಮ ಮೈಯ ಬೇರಾವ ಸ್ನಾಯುವನ್ನು ಇಷ್ಟು ಎಳೆದರೂ ಹರಿದುಹೋಗುತ್ತದೆ. ಬಸುರಿನ ತಿಂಗಳುಗಳಲ್ಲಿ ದೇಹ ಇದಕ್ಕೆ ತಯಾರಾಗಿರುವುದರಿಂದ ಹೆಚ್ಚಿನವರಲ್ಲಿ ಅದು ಮತ್ತೆ ಕೂಡಿಕೊಳ್ಳುತ್ತದೆ. ಆದರೂ ಸಹಜ ಹೆರಿಗೆಯಾದವರಲ್ಲಿ ಶೇ 10ರಿಂದ 30ರಷ್ಟು ಮಂದಿಗೆ ಈ ಸ್ನಾಯು ಮೂಳೆಯಿಂದಲೇ ಸ್ವಲ್ಪ ಕಿತ್ತುಬಂದಿರುವುದು ಸ್ಕ್ಯಾನಿಂಗಿನಲ್ಲಿ ಕಾಣುತ್ತದೆ. ಇಕ್ಕಳ ಹಾಕಿ ಎಳೆದ ಹೆರಿಗೆಗಳಲ್ಲಿ ಇದು ಇನ್ನೂ ಹೆಚ್ಚು. ತಳಕ್ಕೆ ಸುದ್ದಿ ಒಯ್ಯುವ ನರಗಳೂ ಎಳೆತಕ್ಕೆ ಸಿಕ್ಕಿ ತಿಂಗಳುಗಟ್ಟಲೆ ಮಂಕಾಗುವುದುಂಟು.

ಸಿಸೇರಿಯನ್ ಆದವರು ಪಾರಾದರೆಂದೇನೂ ಅಲ್ಲ. ಒಂಬತ್ತು ತಿಂಗಳ ಭಾರವನ್ನು ಅವರ ತಳಸ್ನಾಯುವೂ ಹೊತ್ತಿರುತ್ತದೆ. ಸೋರಿಕೆಯ ಸಾಧ್ಯತೆ ಅವರಲ್ಲಿ ಕಡಿಮೆ ನಿಜ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಇನ್ನು ಹೆತ್ತೇ ಇಲ್ಲದವರು? ಸ್ವೀಡನ್ನಿನಲ್ಲಿ ಟ್ರ್ಯಾಂಪೊಲಿನ್ ಮೇಲೆ ಜಿಗಿಯುವ 35 ಕ್ರೀಡಾಪಟು ಹುಡುಗಿಯರನ್ನು ವಿಚಾರಿಸಿದಾಗ 28 ಮಂದಿ ಜಿಗಿಯುವಾಗ ಸೋರುತ್ತದೆ ಎಂದರು. ಅವರ ಸರಾಸರಿ ವಯಸ್ಸು ಹದಿನೈದು. ನಮ್ಮ ಕಡೆ ಒಲೆಯ ಹೊಗೆಗೆ ವರ್ಷಗಟ್ಟಲೆ ಕೆಮ್ಮಿದವರು, ಆಸ್ತಮಾ ಇರುವವರು, ಸದಾ ಮುಕ್ಕಿ ಮಲವಿಸರ್ಜನೆ ಮಾಡಬೇಕಾದವರು, ಬಾಣಂತನ ಮುಗಿಯುವ ಮೊದಲೇ ಭಾರ ಹೊರಲು ಹೋದವರು ಈ ಸಾಲಿಗೆ ಸೇರುತ್ತಾರೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿದು ಅಲ್ಲಿನ ಪದರಗಳು ತೆಳ್ಳಗಾಗುವುದೂ ಒಂದು ಕಾರಣ.

ನಮ್ಮ ಬಾಣಂತನದ ಬಗ್ಗೆ ಒಂದು ಮಾತು ಹೇಳಲೇಬೇಕು. ಹೆತ್ತವಳಿಗೆ ವಿಶ್ರಾಂತಿ ಕೊಟ್ಟು, ಭಾರ ಎತ್ತಲು ಬಿಡದೆ, ಬಿಸಿನೀರು ಹಾಕಿ, ತಿನ್ನಲು ಕೊಟ್ಟು ನೋಡಿಕೊಳ್ಳುವ ಈ ಪದ್ಧತಿಯಲ್ಲಿ ತಳಸ್ನಾಯುವಿಗೆ ಒಳ್ಳೆಯದಾಗುವ ಅಂಶ ಬೇಕಾದಷ್ಟಿದೆ. ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತುವುದರ ಬಗ್ಗೆ ಮಾತ್ರ ಎಚ್ಚರ ಬೇಕು. ಹದವಾಗಿ ಸುತ್ತಿದರೆ ಸೊಂಟಕ್ಕೆ ಆಸರೆ. ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡವೆಲ್ಲ ಕೆಳಕ್ಕೆ, ಆಗತಾನೇ ಹಿಗ್ಗಿ ಸೋತ ಸ್ನಾಯುವಿನ ಮೇಲೆ ಬೀಳುತ್ತದೆ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಬಾಣಂತಿಗೆ ನೀರು ಕೊಡದಿರುವ ಮನೆಗಳೂ ಇವೆ. ಅದರಿಂದ ಮಲಬದ್ಧತೆ, ಮಲಬದ್ಧತೆಯಿಂದ ಮುಕ್ಕುವುದು, ಮುಕ್ಕಿದಷ್ಟೂ ತಳ ಇನ್ನಷ್ಟು ಕೆಳಕ್ಕೆ. ಈ ಪಥ್ಯವನ್ನು ನಾವು ಕೈಬಿಡಬೇಕು.

ಕೀಗಲ್ ಕೊಟ್ಟ ಉಪಕರಣ, ನಾವು ಉಳಿಸಿಕೊಂಡ ಚೀಟಿ

ತಳಸ್ನಾಯುವನ್ನು ಬೇಕೆಂದೇ ಬಿಗಿಯುವ ಅಭ್ಯಾಸ ಹೊಸದಲ್ಲ. ಹದಿನೈದನೇ ಶತಮಾನದ ಹಠಯೋಗ ಪ್ರದೀಪಿಕೆಯಲ್ಲಿ ಬರುವ ಮೂಲಬಂಧದಲ್ಲಿ ದುಡಿಯುವುದು ಇದೇ ಸ್ನಾಯು, ಉದ್ದೇಶ ಬೇರೆ. ಬ್ರಿಟನ್ನಿನ ಮಾರ್ಗರೆಟ್ ಮಾರಿಸ್ ಎಂಬ ನರ್ತಕಿ ಫಿಸಿಯೊಥೆರಪಿಯನ್ನೂ ಕಲಿತು, 1936ರಲ್ಲೇ ಬಾಣಂತಿಯರಿಗೆ ಇಂಥ ವ್ಯಾಯಾಮಗಳನ್ನು ಬರೆದಿಟ್ಟಿದ್ದಳು. ಆದರೆ ಹೆಸರು ಉಳಿದದ್ದು ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಲ್ಡ್ ಕೀಗಲ್‌ರದು. 1948ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಿಂದ ಕೀಗಲ್ ವ್ಯಾಯಾಮ ಎಂಬ ಮಾತು ಜಗತ್ತಿನಲ್ಲೆಲ್ಲ ಹಬ್ಬಿತು.

ಅವರು ಮಾಡಿದ್ದರಲ್ಲಿ ಅರ್ಧವನ್ನು ಜಗತ್ತು ಮರೆಯಿತು. ಹೆಂಗಸಿಗೆ ಸ್ನಾಯು ಬಿಗಿಯಲು ಹೇಳಿ ಮನೆಗೆ ಕಳಿಸುತ್ತಿದ್ದವರಲ್ಲ ಕೀಗಲ್. ಬೆರಳಿನಿಂದ ಪರೀಕ್ಷಿಸಿ, ಸರಿಯಾದ ಸ್ನಾಯುವೇ ಬಿಗಿಯುತ್ತಿದೆಯೇ ಎಂದು ಖಚಿತ ಮಾಡಿಕೊಂಡು, ಆಮೇಲೆ ಯೋನಿಯೊಳಗೆ ಇಡುವ ಗಾಳಿಯ ಕೊಳವೆಗೆ ಜೋಡಿಸಿದ ಒಂದು ಮಾಪಕವನ್ನು ಕೊಡುತ್ತಿದ್ದರು. ಬಿಗಿದರೆ ಮುಳ್ಳು ಮೇಲೇರುತ್ತಿತ್ತು. ಅವಳು ತನ್ನ ಬಲವನ್ನು ತಾನೇ ಕಣ್ಣಾರೆ ಕಾಣಬಹುದಿತ್ತು. ಕಾಲ ಕಳೆದಂತೆ ಪರೀಕ್ಷೆ ಹೋಯಿತು, ಮಾಪಕ ಹೋಯಿತು. "ಮೂತ್ರ ತಡೆದಂತೆ ಬಿಗಿಹಿಡಿಯಿರಿ, ದಿನಕ್ಕೆ ಇಷ್ಟು ಸಲ" ಎನ್ನುವ ಒಂದು ಸಾಲಿನ ಚೀಟಿ ಮಾತ್ರ ಆಸ್ಪತ್ರೆಗಳಲ್ಲಿ ಉಳಿಯಿತು.

ಚೀಟಿ ಎಷ್ಟರಮಟ್ಟಿಗೆ ಕೆಲಸ ಮಾಡುತ್ತದೆ? 1991ರಲ್ಲಿ ಅಮೆರಿಕದ ರಿಚರ್ಡ್ ಬಂಪ್ ಮತ್ತು ಸಂಗಡಿಗರು 47 ಹೆಂಗಸರಿಗೆ ಬಾಯಿಮಾತಿನಲ್ಲಷ್ಟೇ ಹೇಳಿಕೊಟ್ಟು, ಅವರು ಬಿಗಿಯುವಾಗ ಅಳೆದು ನೋಡಿದರು. ಸರಿಯಾಗಿ ಮಾಡಿದವರು ಅರ್ಧದಷ್ಟು ಮಂದಿ. ಕಾಲುಭಾಗದವರು ಮಾಡುತ್ತಿದ್ದುದು ಸೋರಿಕೆಯನ್ನು ಹೆಚ್ಚಿಸಬಹುದಾದ ಕೆಲಸ. ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳುವ ಬದಲು ಅವರು ಕೆಳಕ್ಕೆ ಮುಕ್ಕುತ್ತಿದ್ದರು. ತಾವು ಮಾಡುತ್ತಿರುವುದು ತಪ್ಪೆಂದು ಅವರಿಗೆ ಗೊತ್ತಾಗುವ ದಾರಿಯೇ ಇಲ್ಲ, ಆ ಸ್ನಾಯು ಕಣ್ಣಿಗೆ ಕಾಣುವುದಿಲ್ಲವಲ್ಲ. "ಎಷ್ಟೋ ತಿಂಗಳು ಮಾಡಿದೆ, ಏನೂ ಪ್ರಯೋಜನವಾಗಲಿಲ್ಲ" ಎನ್ನುವವರನ್ನು ಸೋಮಾರಿಗಳೆಂದು ಬೈಯುವ ಮುನ್ನ ಈ ಅಧ್ಯಯನವನ್ನು ನೆನೆಯಬೇಕು.

ಬಾಗಿಲು ಮುಚ್ಚಿದ ಕೋಣೆಯಲ್ಲಿ

ಪೆಲ್ವಿಕ್ ಫಿಸಿಯೊಥೆರಪಿಸ್ಟ್ ಮೊದಲು ಮಾಡುವುದು ಕೇಳಿಸಿಕೊಳ್ಳುವ ಕೆಲಸ. ಯಾವಾಗ ಸೋರುತ್ತದೆ, ಕೆಮ್ಮಿದಾಗಲೋ ಬಾಗಿಲ ಬೀಗ ತೆಗೆಯುವಾಗಲೋ? ಎಷ್ಟು ಹೆರಿಗೆ, ಹೊಲಿಗೆ ಬಿದ್ದಿತ್ತೇ? ಮಲಬದ್ಧತೆ ಇದೆಯೇ? ಕೂಡುವಾಗ ನೋವಿದೆಯೇ? ಕೆಳಗೆ ಏನೋ ಜಾರಿದಂತೆ, ಉಂಡೆ ಸಿಕ್ಕಿಕೊಂಡಂತೆ ಅನ್ನಿಸುತ್ತದೆಯೇ? ಈ ಪ್ರಶ್ನೆಗಳನ್ನು ಅದುವರೆಗೆ ಯಾರೂ ಕೇಳಿರುವುದಿಲ್ಲ. ಆಮೇಲೆ ಮೂರು ದಿನದ ದಿನಚರಿ ಬರೆಯಲು ಹೇಳುತ್ತಾರೆ: ಎಷ್ಟು ಕುಡಿದಿರಿ, ಎಷ್ಟು ಹೊತ್ತಿಗೆ ಹೋದಿರಿ, ಅಳತೆಯ ಲೋಟದಲ್ಲಿ ಎಷ್ಟು ಮೂತ್ರ ಬಂತು, ಯಾವಾಗ ಸೋರಿತು. ಅರ್ಧ ಕಾಯಿಲೆ ಈ ಕಾಗದದಲ್ಲೇ ಸಿಕ್ಕಿಬೀಳುತ್ತದೆ.

ನಂತರ ಪರೀಕ್ಷೆ. ಏನು ಮಾಡುತ್ತೇವೆ, ಯಾಕೆ ಮಾಡುತ್ತೇವೆ ಎಂದು ವಿವರಿಸಿ, ಒಪ್ಪಿಗೆ ಪಡೆದು, ಕೈಗವಸು ತೊಟ್ಟ ಒಂದು ಬೆರಳಿನಿಂದ ಯೋನಿಯ ಒಳಗೆ ಎರಡೂ ಪಕ್ಕದ ಸ್ನಾಯುವನ್ನು ಮುಟ್ಟಿ ನೋಡುತ್ತಾರೆ. ಬೇಡ ಎನ್ನುವ ಹಕ್ಕು ಪರೀಕ್ಷೆಯ ಯಾವ ಹಂತದಲ್ಲೂ ರೋಗಿಗಿದೆ. ಆಗ ಹೊಟ್ಟೆಯ ಮೇಲಿಡುವ ಅಲ್ಟ್ರಾಸೌಂಡ್, ಇಲ್ಲವೇ ಬಟ್ಟೆಯ ಮೇಲಿನಿಂದಲೇ ನೋಡುವ ವಿಧಾನಗಳಿವೆ. ಆದರೆ ಬೆರಳು ಹೇಳುವಷ್ಟನ್ನು ಅವು ಹೇಳಲಾರವು. ಬಿಗಿಯುವ ಬಲಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ. ಬ್ರಿಟನ್ನಿನ ಫಿಸಿಯೊಥೆರಪಿಸ್ಟ್ ಜೋ ಲೇಕಾಕ್ ರೂಢಿಗೆ ತಂದ ಈ ಪದ್ಧತಿಯಲ್ಲಿ ಬಲದ ಜೊತೆಗೆ ಎಷ್ಟು ಸೆಕೆಂಡು ಹಿಡಿಯಬಲ್ಲಳು, ಹಾಗೆ ಎಷ್ಟು ಸಲ ಮಾಡಬಲ್ಲಳು, ಚುರುಕಾಗಿ ಎಷ್ಟು ಸಲ ಬಿಗಿದು ಬಿಡಬಲ್ಲಳು ಎನ್ನುವುದನ್ನೂ ಗುರುತಿಸುತ್ತಾರೆ. ಕೊನೆಗೆ "ಒಂದು ಸಲ ಕೆಮ್ಮಿ" ಎನ್ನುತ್ತಾರೆ. ಸ್ನಾಯು ಕೆಮ್ಮಿಗೆ ಮುಂಚೆ ಎದ್ದಿತೋ, ಆಮೇಲೆ ಎದ್ದಿತೋ, ಏಳಲೇ ಇಲ್ಲವೋ ಎಂದು ಬೆರಳಿಗೆ ಗೊತ್ತಾಗುತ್ತದೆ.

ಅಲ್ಲಿಂದ ಮುಂದೆ ಕಲಿಸುವುದು. ಗಾಳಿ ಬಿಡದಂತೆ ಹಿಂದಿನಿಂದ ಬಿಗಿಯಿರಿ, ಆ ಬಿಗಿಯನ್ನು ಮುಂದಕ್ಕೆ ತಂದು ಒಳಕ್ಕೆ ಎತ್ತಿಕೊಳ್ಳಿ, ಉಸಿರು ಆಡುತ್ತಿರಲಿ, ಕುಂಡೆ ಬಿಗಿಯಬೇಡಿ, ತೊಡೆ ಸೇರಿಸಬೇಡಿ. ಮೂತ್ರ ಮಾಡುತ್ತಿರುವಾಗಲೇ ತಡೆದು ಅಭ್ಯಾಸ ಮಾಡುವುದು ಬೇಡ, ಅದರಿಂದ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು. ಎರಡು ಸೆಕೆಂಡು ಮಾತ್ರ ಹಿಡಿಯಬಲ್ಲವಳಿಗೆ ಎರಡರಿಂದಲೇ ಶುರು. ಹತ್ತು ಸೆಕೆಂಡು ಹಿಡಿ ಎಂದು ಅವಳಿಗೆ ಹೇಳಿದರೆ ಉಳಿದ ಎಂಟು ಸೆಕೆಂಡು ಅವಳು ಹೊಟ್ಟೆಯನ್ನು ಬಿಗಿಯುತ್ತಾಳೆ.

ಮುನ್‌ಬಿಗಿ

ಪೈಪಿನ ಲೆಕ್ಕ ಸರಿಯಾದರೆ, ಬಲ ಬರುವುದಕ್ಕೆ ಮುಂಚೆಯೇ ಬರೀ ಹೊತ್ತು ಸರಿಪಡಿಸಿದರೂ ಸೋರಿಕೆ ತಗ್ಗಬೇಕು. ಡಿಲಾನ್ಸಿಯವರ ಜೊತೆಗಾರ್ತಿ ಜ್ಯಾನಿಸ್ ಮಿಲ್ಲರ್ ಇದನ್ನೇ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದರು. ಸಣ್ಣ ಪ್ರಮಾಣದ ಸೋರಿಕೆಯಿದ್ದ 27 ಮಂದಿ ವಯಸ್ಸಾದ ಹೆಂಗಸರಿಗೆ ಅವರು ಕಲಿಸಿದ್ದು ಒಂದೇ ಉಪಾಯ: ಕೆಮ್ಮುವ ಅರೆಕ್ಷಣ ಮೊದಲು ತಳವನ್ನು ಬಿಗಿದು, ಕೆಮ್ಮು ಮುಗಿಯುವವರೆಗೂ ಹಿಡಿದಿರಿ. ಒಂದು ವಾರದ ನಂತರ ಹೀಗೆ ಬಿಗಿದು ಸಾಧಾರಣವಾಗಿ ಕೆಮ್ಮಿದಾಗ ಸೋರಿಕೆ ಸರಾಸರಿ ಶೇ 98ರಷ್ಟು ಕಡಿಮೆಯಾಗಿತ್ತು. ಜೋರು ಕೆಮ್ಮಿಗೆ ಶೇ 73ರಷ್ಟು. ಒಂದು ವಾರದಲ್ಲಿ ಯಾವ ಸ್ನಾಯುವೂ ದಪ್ಪಗಾಗುವುದಿಲ್ಲ. ಬದಲಾದದ್ದು ಹೊತ್ತು ಮಾತ್ರ.

ಈ ಉಪಾಯವನ್ನು ಮುನ್‌ಬಿಗಿ ಎನ್ನೋಣ. ಸೀನು ಬರುವ ಸೂಚನೆ ಮೂಗಿನಲ್ಲಿ ಕಾಣುತ್ತಲೇ, ಕೊಡ ಎತ್ತುವ ಮುನ್ನ, ಮಗುವನ್ನು ಎತ್ತಿ ಸೊಂಟಕ್ಕೇರಿಸುವ ಮುನ್ನ, ನೆಲದಿಂದ ಏಳುವ ಮುನ್ನ ಒಮ್ಮೆ ಬಿಗಿದುಕೊಳ್ಳುವುದು. ಮೊದಮೊದಲು ನೆನಪಿಟ್ಟು ಮಾಡಬೇಕು. ತಿಂಗಳುಗಟ್ಟಲೆ ಮಾಡಿದವರಲ್ಲಿ ಇದು ತಾನಾಗಿ ನಡೆಯುವ ಅಭ್ಯಾಸವಾಗಬಲ್ಲದು.

ಹಾಗೆಂದು ಬಲ ಬೇಡವೆಂದಲ್ಲ. ತೆಳ್ಳಗಾದ ಸ್ನಾಯು ಎಷ್ಟು ಬೇಗ ಎದ್ದರೂ ಜೋರು ಕೆಮ್ಮಿನ ಎದುರು ನಿಲ್ಲಲಾರದು. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆಯಾದ ನೈಸ್ ಒತ್ತಡದ ಸೋರಿಕೆಗೆ ಮೊದಲ ಚಿಕಿತ್ಸೆಯಾಗಿ ಹೇಳುವುದು ಪರಿಣತರ ಉಸ್ತುವಾರಿಯಲ್ಲಿ ಕನಿಷ್ಠ ಮೂರು ತಿಂಗಳ ವ್ಯಾಯಾಮ, ಒಂದು ಸಲಕ್ಕೆ ಎಂಟು ಬಿಗಿತದಂತೆ ದಿನಕ್ಕೆ ಮೂರು ಸಲ. ನಾರ್ವೆಯ ಫಿಸಿಯೊಥೆರಪಿಸ್ಟ್ ಕಾರಿ ಬೋ 1999ರಲ್ಲಿ ಈ ವ್ಯಾಯಾಮವನ್ನು ವಿದ್ಯುತ್ ಪ್ರಚೋದನೆ ಮತ್ತು ಯೋನಿಯೊಳಗಿಡುವ ತೂಕಗಳ ಜೊತೆ ಹೋಲಿಸಿದಾಗ ವ್ಯಾಯಾಮವೇ ಗೆದ್ದಿತು. ವೈದ್ಯಕೀಯ ಪುರಾವೆಗಳನ್ನು ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯ 2018ರ ಸಮೀಕ್ಷೆ ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಒತ್ತಡದ ಸೋರಿಕೆಯಿದ್ದು ವ್ಯಾಯಾಮ ಮಾಡಿದವರಲ್ಲಿ ಶೇ 56 ಮಂದಿ ವಾಸಿಯಾಯಿತು ಎಂದರು, ಮಾಡದವರಲ್ಲಿ ಶೇ 6 ಮಂದಿ. ಅಡ್ಡಪರಿಣಾಮವೇ ಇಲ್ಲವೆನ್ನಬಹುದಾದ ಚಿಕಿತ್ಸೆಯೊಂದಕ್ಕೆ ಇಷ್ಟು ಗಟ್ಟಿ ಪುರಾವೆ ಇರುವುದು ಅಪರೂಪ. ಹಾಗಿದ್ದೂ ನಮ್ಮಲ್ಲಿ ಎಷ್ಟೋ ಮಂದಿ ಪ್ಯಾಡಿಗೂ ಮಾತ್ರೆಗೂ ದುಡ್ಡು ಹಾಕಿ, ಕೊನೆಗೆ ಗರ್ಭಕೋಶ ತೆಗೆಸುವ ಮಾತಿನವರೆಗೂ ಹೋಗುತ್ತಾರೆ. ಗರ್ಭಕೋಶ ತೆಗೆಸುವುದು ಮೂತ್ರ ಸೋರುವುದಕ್ಕೆ ಚಿಕಿತ್ಸೆಯಲ್ಲ.

ಬಿಡಲು ಬಾರದ ಸ್ನಾಯು

ಇಷ್ಟು ಓದಿ ಎಲ್ಲರೂ ಈಗಲೇ ಬಿಗಿಯಲು ಶುರುಮಾಡುವುದು ಬೇಡ. ಪೆಲ್ವಿಕ್ ಫಿಸಿಯೊಥೆರಪಿಸ್ಟರ ಬಳಿ ಬರುವ ಒಂದು ದೊಡ್ಡ ಪಾಲು ಜನರ ತೊಂದರೆ ಇದಕ್ಕೆ ತಿರುಗುಮುರುಗು. ಅವರ ತಳಸ್ನಾಯು ಸದಾ ಬಿಗಿದೇ ಇರುತ್ತದೆ, ಬಿಡಬೇಕಾದಾಗ ಬಿಡುವುದಿಲ್ಲ.

ಗುದದ ಹಿಂಬದಿಯಿಂದ ಸುತ್ತಿ ಬರುವ ಒಂದು ಸ್ನಾಯು ಕರುಳನ್ನು ಮುಂದಕ್ಕೆ ಎಳೆದು ಮಡಚಿ ಹಿಡಿದಿರುತ್ತದೆ. ಕುಕ್ಕರುಗಾಲಿನಲ್ಲಿ ಕೂತಾಗ ಆ ಮಡಿಕೆ ನೇರವಾಗುತ್ತದೆ. ನಮ್ಮ ಹಳೆಯ ಶೌಚಾಲಯಗಳ ಲಾಭ ಇದೇ. ಕೆಲವರಲ್ಲಿ ಮುಕ್ಕುವಾಗ ಈ ಸ್ನಾಯು ಸಡಿಲಾಗುವ ಬದಲು ಬಿಗಿಯುತ್ತದೆ. ಎಷ್ಟು ಹಣ್ಣು ತಿಂದರೂ, ಎಷ್ಟು ಇಸಬ್‌ಗೋಲ್ ಕುಡಿದರೂ ಇಂಥವರ ಮಲಬದ್ಧತೆ ಪೂರ್ತಿ ಬಿಡುವುದಿಲ್ಲ. ಸಣ್ಣ ಬಲೂನು ಮತ್ತು ಪರದೆಯ ಮೇಲಿನ ಗೆರೆಗಳ ಸಹಾಯದಿಂದ ಅವರಿಗೆ ಬಿಡುವುದನ್ನು ಕಲಿಸಬೇಕಾಗುತ್ತದೆ. ಕಮೋಡ್ ಬಳಸುವವರಿಗೆ ಪಾದದಡಿ ಒಂದು ಮಣೆ ಇಟ್ಟುಕೊಳ್ಳಲು ಹೇಳುತ್ತಾರೆ.

ಮದುವೆಯಾಗಿ ವರ್ಷಗಳಾದರೂ ಕೂಡಲಾಗದ ದಂಪತಿಗಳಿದ್ದಾರೆ. ಹೆಂಗಸಿನ ತಳಸ್ನಾಯು ಅವಳ ಇಚ್ಛೆ ಮೀರಿ ಬಿಗಿದುಕೊಳ್ಳುವುದು ಇದರ ಒಂದು ಕಾರಣ, ವೆಜೈನಿಸ್ಮಸ್ ಎಂದು ಅದರ ಹೆಸರು. ಹುಡುಗಿ ಒಲ್ಲದವಳು, ಹಟಮಾರಿ ಎಂದು ಎರಡೂ ಮನೆಯವರು ದೂರುತ್ತಾರೆ. ಗುಟ್ಟಾಗಿ ದೇವರಿಗೆ ಹರಕೆ ಹೊರುತ್ತಾರೆ. ಭಯ, ನೋವಿನ ನೆನಪು, ಬಲವಂತದ ಅನುಭವ ಯಾವುದಾದರೂ ಇದರ ಹಿಂದಿರಬಹುದು. ಉಸಿರಾಟದ ಜೊತೆ ತಳವನ್ನು ಇಳಿಬಿಡುವುದು, ಅವಳದೇ ಬೆರಳು, ನಂತರ ಬೇರೆಬೇರೆ ಅಳತೆಯ ನಯವಾದ ಕೊಳವೆಗಳು, ಹೀಗೆ ಅವಳ ಹತೋಟಿಯಲ್ಲೇ, ಅವಳ ವೇಗದಲ್ಲೇ ಚಿಕಿತ್ಸೆ ಸಾಗುತ್ತದೆ. ಆಪ್ತಸಲಹೆಗಾರರೂ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಇಂಥವಳಿಗೆ ಬಿಗಿಯುವ ವ್ಯಾಯಾಮ ಕೊಟ್ಟರೆ ನೋವು ಹೆಚ್ಚುತ್ತದೆ. ಪರೀಕ್ಷೆ ಮಾಡದೆ ಎಲ್ಲರಿಗೂ ಒಂದೇ ಚೀಟಿ ಕೊಡುವುದು ಅನ್ಯಾಯವೆಂದು ನಾನು ಹೇಳುವುದು ಇದಕ್ಕೇ.

ಬೀಗ ತೆಗೆಯುವಾಗ, ನಲ್ಲಿಯ ಸದ್ದಿಗೆ, ತಡೆಯಲಾಗದೆ ಓಡುವವರದು ಇನ್ನೊಂದು ಬಗೆ, ಅವಸರದ ಸೋರಿಕೆ. ಅಲ್ಲಿ ಮೂತ್ರಕೋಶವೇ ಹೊತ್ತಲ್ಲದ ಹೊತ್ತಿನಲ್ಲಿ ಹಿಂಡಿಕೊಳ್ಳುತ್ತದೆ. ತಳಸ್ನಾಯುವನ್ನು ನಾಲ್ಕೈದು ಸಲ ಚುರುಕಾಗಿ ಬಿಗಿದು ಬಿಟ್ಟರೆ ನರಗಳ ಮೂಲಕ ಮೂತ್ರಕೋಶಕ್ಕೆ ಸುಮ್ಮನಾಗುವ ಸೂಚನೆ ಹೋಗುತ್ತದೆ. ಓಡದೆ, ನಿಂತು, ಬಿಗಿದು, ಅವಸರ ಇಳಿದ ಮೇಲೆ ನಡೆದು ಹೋಗುವುದನ್ನು ಕಲಿಸುತ್ತಾರೆ. ಯಾವುದಕ್ಕೂ ಇರಲಿ ಎಂದು ಗಂಟೆಗೊಮ್ಮೆ ಹೋಗುವ ರೂಢಿಯನ್ನು ಬಿಡಿಸಿ, ಎರಡು ಭೇಟಿಗಳ ನಡುವಿನ ಹೊತ್ತನ್ನು ಮೆಲ್ಲಗೆ ಹಿಗ್ಗಿಸುತ್ತಾರೆ.

ಗಂಡಸರಿಗೂ ಇಲ್ಲಿ ಕೆಲಸವಿದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಆ ಗ್ರಂಥಿಯನ್ನೇ ತೆಗೆದಾಗ ಮೂತ್ರ ತಡೆಯುವ ಒಂದು ಸ್ನಾಯು ಅದರೊಂದಿಗೆ ಹೋಗಿಬಿಡುತ್ತದೆ. ಉಳಿದದ್ದನ್ನು ದುಡಿಸಲು ಕಲಿಯಬೇಕು. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕಲಿತರೆ ಆಮೇಲಿನ ಕೆಲಸ ಸುಲಭ.

ಎಲ್ಲಿ ಹೋಗಬೇಕು, ಯಾವಾಗ ಹೋಗಬೇಕು

ಫ್ರಾನ್ಸಿನಲ್ಲಿ ಹೆರಿಗೆಯಾದವರಿಗೆ ಸಾಮಾನ್ಯವಾಗಿ ತಳಸ್ನಾಯುವಿನ ಹತ್ತು ತರಗತಿಗಳನ್ನು ಬರೆದುಕೊಡುತ್ತಾರೆ, ಖರ್ಚನ್ನು ಸಾರ್ವಜನಿಕ ಆರೋಗ್ಯ ವಿಮೆ ಭರಿಸುತ್ತದೆ. ಕರ್ನಾಟಕದಲ್ಲಿ ಹೆರಿಗೆಗಳು ಬಹುತೇಕ ಎಲ್ಲವೂ ಈಗ ಆಸ್ಪತ್ರೆಯಲ್ಲೇ ಆಗುತ್ತಿವೆ. ಆದರೆ ಮಗುವಿಗೆ ಲಸಿಕೆ ಹಾಕಿಸಲು ಬಂದ ತಾಯಿಯನ್ನು ಕೆಮ್ಮಿದರೆ ಸೋರುತ್ತದೆಯೇ ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಈ ಪರಿಣತಿ ಪಡೆದ ಫಿಸಿಯೊಥೆರಪಿಸ್ಟರು ಬೆಂಗಳೂರು, ಮಂಗಳೂರಿನಂಥ ದೊಡ್ಡ ಊರುಗಳಲ್ಲೇ ಹೆಚ್ಚು. ಹಳ್ಳಿಯ ಮಟ್ಟದಲ್ಲಿ ಇರುವವಳು ಆಶಾ ಕಾರ್ಯಕರ್ತೆ. ಈ ಒಂದು ಪ್ರಶ್ನೆಯನ್ನು ಅವಳ ಪಟ್ಟಿಗೆ ಸೇರಿಸಿ, ಜಿಲ್ಲಾಸ್ಪತ್ರೆಗೊಬ್ಬ ಪೆಲ್ವಿಕ್ ಫಿಸಿಯೊಥೆರಪಿಸ್ಟರನ್ನು ಕೊಡುವುದು ಸರ್ಕಾರಕ್ಕೆ ಭಾರವಾಗುವ ಕೆಲಸವಲ್ಲ.

ಮೂತ್ರದಲ್ಲಿ ರಕ್ತ ಕಂಡರೆ, ಜ್ವರ ಮತ್ತು ಉರಿ ಇದ್ದರೆ ಮೊದಲು ವೈದ್ಯರ ಬಳಿ ಹೋಗಿ. ಸೊಂಟನೋವಿನ ಜೊತೆ ತೊಡೆಸಂದಿ ಮರಗಟ್ಟಿ ಮೂತ್ರ ಹೋಗದಂತಾದರೆ ಅದು ಬೆನ್ನುಹುರಿಯ ಕೆಳಗಿನ ನರಗಳು ಒತ್ತಡಕ್ಕೆ ಸಿಕ್ಕಿರುವ ತುರ್ತು ಸ್ಥಿತಿ. ಅದೇ ದಿನ ಆಸ್ಪತ್ರೆ ಸೇರಬೇಕು. ಇವಾವುದೂ ಇಲ್ಲದೆ ಕೆಮ್ಮಿದಾಗ, ನಕ್ಕಾಗ, ಭಾರ ಎತ್ತಿದಾಗ ಸೋರುತ್ತಿದ್ದರೆ, ಹೆರಿಗೆಯಾಗಿ ಮೂರು ತಿಂಗಳಾದರೂ ಅದು ನಿಂತಿಲ್ಲವಾದರೆ, ಸ್ತ್ರೀರೋಗ ತಜ್ಞರನ್ನು ಕಂಡು ಪೆಲ್ವಿಕ್ ಫಿಸಿಯೊಥೆರಪಿಗೆ ಬರೆದುಕೊಡಿ ಎಂದು ಬಾಯಿಬಿಟ್ಟು ಕೇಳಿ. ನಿಮ್ಮ ಮನೆಯಲ್ಲಿ ಅರವತ್ತು ದಾಟಿದ ಅಮ್ಮನೋ ಅತ್ತೆಯೋ ಇದ್ದರೆ ಅವರನ್ನೂ ವಿಚಾರಿಸಿ. ಆ ವಯಸ್ಸಿನಲ್ಲೂ ಈ ಸ್ನಾಯು ಕಲಿಯುತ್ತದೆ.